ಕೇಸ್ ಆಯ್ತಂತೆ!

  ಭಾನುವಾರ ನಮ್ಮೂರು ಚಿಗಟೇರಿಯ ಆಚೆ, ಗರಸು ತೆಗೆದ ಗುಂಡಿಯಲ್ಲಿ ಸೈಕಲ್ ಹಾರಿಸುತ್ತಿದ್ದ ಹುಡುಗ ‘ಅಣ್ಣಾ, ಕೇಸ್ ಆಯ್ತು’ ಅಂದ. ಅಲ್ಲೇ ಕುರಿ ಬಿಟ್ಟುಕೊಂಡು ನಿಂತಿದ್ದ ಅಜ್ಜ ಗಾಬರಿಯಾಗಿ ‘ಯಾರ ಮ್ಯಾಲೆ?’ ಎಂದ.

2022ರಲ್ಲಿ ಗದಗದ ರಾಷ್ಟ್ರೀಯ ಮೌಂಟೇನ್ ಬೈಕ್ ಸ್ಪರ್ಧೆ ನೋಡಿ ಬಂದವರು ಹೊತ್ತು ತಂದ ಭಾಷೆ ಇದು. ಕಂದಕ ಪೂರ್ತಿ ದಾಟದೆ ಹಿಂದಿನ ಚಕ್ರ ಆಚೆ ದಿಬ್ಬದ ನೆತ್ತಿಗೆ ಬಡಿದರೆ ಕೇಸ್. ಗಾಳಿಯಲ್ಲಿ ಮೈ ಸೆಟೆದು ಸೈಕಲ್ ಒಯ್ದತ್ತ ಹೋಗುವವನು ಡೆಡ್ ಸೇಲರ್. ಸಪಾಟು ನೆಲಕ್ಕೆ ಧೊಪ್ಪನೆ ಬಂದರೆ ಹಕ್ ಟು ಫ್ಲ್ಯಾಟ್. ತಪ್ಪು ಇಳಿತಕ್ಕೆ ಆ ಇಂಗ್ಲಿಷಿನಲ್ಲಿ ಎಷ್ಟು ಹೆಸರು! ನಮ್ಮಲ್ಲಿ ಹಾರು, ನೆಗೆ, ಜಿಗಿ, ಕುಪ್ಪಳಿಸು ಎಲ್ಲ ಉಂಟು. ಇಳಿಯಲು ಮಾತ್ರ ಬಸ್ಸಿನಿಂದ ಇಳಿಯುವ ‘ಇಳಿ’ಯೇ ಗತಿ. ‘ಭೂಸ್ಪರ್ಶ’ ವಿಮಾನಕ್ಕಾದೀತು, ಹರಪನಹಳ್ಳಿಯಿಂದ ತಂದ ಹಳೇ ಸೈಕಲ್ಲಿಗೆ ಭಾರ. ನಮ್ಮೂರ ಗುಡಿಯ ನಾರದಮುನಿ ಮೂರು ಲೋಕ ಸುತ್ತಿದ್ದನ್ನು ಎಲ್ಲರೂ ಹೇಳುತ್ತಾರೆ. ಇಳಿಯುವಾಗ ಮೊಣಕಾಲು ಹೇಗಿಟ್ಟುಕೊಂಡಿದ್ದ ಅಂತ ಒಬ್ಬರೂ ಹೇಳುವುದಿಲ್ಲ.

ಪದಗಳ ಮಾತು ಸಾಕು. ಹಾರುವಾಗ ‘ಹ್ಯಾಂಡಲ್ ಎಳಿ’ ಎಂದು ಕಲಿಸುವವರ ಜತೆ ನನ್ನ ಜಗಳ ಹಳೆಯದು. ಎಳೆಯುವಾಗ ಒಂದು ಕೈ ಹೆಚ್ಚೇ ಎಳೆಯುತ್ತದೆ, ಸೈಕಲ್ ಮೇಲೇರಿದ್ದೇ ಓರೆಯಾಗುತ್ತದೆ. ಪಂಚಮಿಯ ಜೋಕಾಲಿ ಜೀಕಿದವರಿಗೆ ಇದು ಗೊತ್ತು: ದಿಬ್ಬದ ಏರಿನಲ್ಲಿ ಕಾಲಿನಿಂದ ಒತ್ತಬೇಕು, ತುದಿಗೆ ಬರುತ್ತಲೇ ಮೈ ನೆಟ್ಟಗಾಗಬೇಕು. ಜೋಕಾಲಿಯ ಹಗ್ಗವನ್ನು ಯಾರಾದರೂ ಎದೆಗೆಳೆದುಕೊಂಡು ಮೇಲೇರಿದ್ದುಂಟೇ?

ಇಳಿತ ಅರ್ಧ ಆ ಏರಿನಲ್ಲೇ ತೀರ್ಮಾನವಾಗಿರುತ್ತದೆ. 1 ಮೀಟರ್ ಎತ್ತರದಿಂದ ಬಿದ್ದರೂ ನೆಲ ಮುಟ್ಟುವಾಗ ಕೆಳಮುಖ ವೇಗ ಗಂಟೆಗೆ ಸುಮಾರು 16 ಕಿ.ಮೀ. ಸಪಾಟಿನಲ್ಲಿ ಅಷ್ಟನ್ನೂ ಮೊಣಕಾಲು, ಮೊಣಕೈ, ಟೈರು ನುಂಗಬೇಕು. ಇಳಿಜಾರಿದ್ದು, ಸೈಕಲ್ ಮೂತಿ ಅದಕ್ಕೆ ಸರಿಯಾಗಿ ಬಾಗಿದರೆ ಪೆಟ್ಟು ಓಟವಾಗುತ್ತದೆ. ಪೆಡಲ್ ಎರಡೂ ಸಮ. ನೆಲ ಸಮೀಪಿಸುವಾಗ ಕಾಲು ತುಸು ಚಾಚಿರಲಿ, ಮಡಚಲು ಜಾಗ ಬೇಕಲ್ಲ. ನಮ್ಮ ಮಸಾರಿ ನೆಲದ ಸಡಿಲ ಗರಸಿನ ಮೇಲೆ ಮುಂದಿನ ಬ್ರೇಕಿಗೆ ಬೆರಳು ಹೋಯಿತೋ, ಕೆಟ್ಟಿರಿ. ನನ್ನ ಎಡ ಮೊಣಕೈಯ ಗುರುತು ಬೇಕಾದರೆ ತೋರಿಸುತ್ತೇನೆ.

ಭಾನುವಾರದ ಆ ಹುಡುಗನ ತಪ್ಪೇನಿರಲಿಲ್ಲ. ಆಚೆ ದಿಬ್ಬ ಗೋಡೆಯಂತೆ ನಿಂತಿತ್ತು. ಸಲಿಕೆ ತರಿಸಿ ನೆತ್ತಿ ಕಡಿದು ಇಳಿಜಾರು ಮಾಡಿದೆವು. ಸಂಜೆಯೊಳಗೆ ಎಂಟು ಸಲ ದಾಟಿದ. ಒಂಬತ್ತನೆಯದು ಮತ್ತೆ ಕೇಸ್.

‘ಜಾಮೀನು ಸಿಗತೈತೇನಪಾ?’ ಎಂದ ಕುರಿಯ ಅಜ್ಜ.