ದೇವಿಮನೆ ಘಟ್ಟ ಹತ್ತುವ ಗಾಡಿಗೆ ಇನ್ನೊಂದು ಕೂಲರ್

ಕುಮಟಾದಿಂದ ಶಿರಸಿಗೆ ಹೊರಟವರಿಗೆ ಕತಗಾಲ ದಾಟಿದ ಮೇಲೆ ದೇವಿಮನೆ ಘಟ್ಟ ಶುರು. ಕಡಲಮಟ್ಟದಲ್ಲಿದ್ದ ಗಾಡಿ ಶಿರಸಿ ಮುಟ್ಟುವಾಗ ಸುಮಾರು 600 ಮೀಟರ್ ಮೇಲಿರುತ್ತದೆ. ಆ ಏರಿನ ದೊಡ್ಡ ಪಾಲು ಘಟ್ಟದ ತಿರುವುಗಳಲ್ಲೇ ಮುಗಿಯಬೇಕು. ಮುಂದೆ ಲೋಡು ತುಂಬಿದ ಲಾರಿ, ಒಳಗೆ ಏಳು ಜನ, ಹಿಂದೆ ಮದುವೆಮನೆಯ ಸಾಮಾನು, ಮೇ ತಿಂಗಳ ಸೆಕೆಗೆ ಪೂರ್ತಿ ತಿರುಗಿಸಿದ ಎ.ಸಿ. ಹೊನ್ನಾವರದವರಿಗೆ ಗೇರುಸೊಪ್ಪೆ ದಾಟಿದ ಮೇಲೆ ಮಾಲೆಮನೆ ಘಟ್ಟದಲ್ಲಿ ಇದೇ ಪಾಡು. ಭಟ್ಕಳದಿಂದ ಸಾಗರದ ಕಡೆ ಹೋಗುವವರಿಗೂ ಕೋಗಾರು ಘಟ್ಟ ತಪ್ಪಿದ್ದಲ್ಲ. ಗಾಡಿ ಮ್ಯಾನುವಲ್ ಆಗಿದ್ದ ಕಾಲದಲ್ಲಿ ಚಾಲಕನ ಎಡಗಾಲು ಸೋಲುತ್ತಿತ್ತು. ಆಟೋಮ್ಯಾಟಿಕ್ ಬಂದ ಮೇಲೆ ಆ ಕಷ್ಟವನ್ನೆಲ್ಲ ಗೇರ್ ಬಾಕ್ಸಿನೊಳಗಿನ ಎಣ್ಣೆ ತಲೆಮೇಲೆ ಹೊತ್ತಿದೆ.

ಕುಮಟಾ, ಹೊನ್ನಾವರ, ಭಟ್ಕಳ ಈ ಮೂರು ಊರುಗಳಲ್ಲಿ ಆಟೋಮ್ಯಾಟಿಕ್ ಮೇಲಿನ ಒಲವಿಗೆ ತನ್ನದೇ ಕಾರಣವಿದೆ. ಭಟ್ಕಳದ ಎಷ್ಟೋ ಮನೆಗಳಿಗೆ ದುಬೈ, ಸೌದಿಯ ನಂಟು. ಅಲ್ಲಿ ಆಟೋಮ್ಯಾಟಿಕ್‌ಗೇ ಒಗ್ಗಿದ ಕೈಗಳು ಊರಿಗೆ ಬಂದಾಗಲೂ ಅದನ್ನೇ ಹುಡುಕುತ್ತವೆ. ಜೊತೆಗೆ ಒಂದು ನಂಬಿಕೆಯೂ ಬರುತ್ತದೆ: ಬಿಸಿ ದೇಶದ ಗಾಡಿಯ ಗೇರ್ ಬಾಕ್ಸ್ ಎಣ್ಣೆಗೆ ದೊಡ್ಡ ಕೂಲರ್ ಬೇಕು. ಕೊಲ್ಲಿ ದೇಶಗಳಲ್ಲಿ ಮಾರುವ ಕಾರುಗಳಿಗೆ ಮರುಭೂಮಿಯ ಬಿಸಿಲಿಗೆ ತಕ್ಕ ದೊಡ್ಡ ಕೂಲಿಂಗ್ ವ್ಯವಸ್ಥೆಯನ್ನು ಕಂಪನಿಯೇ ಕೊಡುವುದುಂಟು. ಆದ್ದರಿಂದ ನಂಬಿಕೆಗೆ ಬುಡ ಇಲ್ಲದಿಲ್ಲ. ಆದರೆ ಅದನ್ನು ಯಾವ ಗಾಡಿಗೆ, ಹೇಗೆ ಅನ್ವಯಿಸಬೇಕು ಎಂಬಲ್ಲಿ ಹಣ ಮತ್ತು ಗೇರ್ ಬಾಕ್ಸ್ ಎರಡೂ ಪೋಲಾಗುತ್ತಿವೆ.

ಮೊದಲ ತಪ್ಪು ಹೆಸರಿನಲ್ಲೇ ಇದೆ. ಕ್ಲಚ್ ಪೆಡಲ್ ಇಲ್ಲದ್ದನ್ನೆಲ್ಲ ಜನ ಆಟೋಮ್ಯಾಟಿಕ್ ಎನ್ನುತ್ತಾರೆ. 2014ರಲ್ಲಿ ಮಾರುತಿ ಸೆಲೆರಿಯೊ ಜೊತೆ ಬಂದು ಮನೆಮಾತಾದ ಎ.ಎಂ.ಟಿ. ನಿಜಕ್ಕೂ ಮ್ಯಾನುವಲ್ ಗೇರ್ ಬಾಕ್ಸೇ. ಕ್ಲಚ್ ಒತ್ತುವ, ಗೇರ್ ಹಾಕುವ ಕೆಲಸವನ್ನಷ್ಟೇ ಯಂತ್ರ ಮಾಡುತ್ತದೆ. ಘಟ್ಟದಲ್ಲಿ ಅದರಿಂದ ಸುಟ್ಟ ವಾಸನೆ ಬಂದರೆ ಸುಡುತ್ತಿರುವುದು ಒಣ ಕ್ಲಚ್ಚಿನ ತಟ್ಟೆ. ಅಲ್ಲಿ ತಣಿಸಲು ಎಣ್ಣೆಯೇ ಹರಿಯುವುದಿಲ್ಲ, ಕೂಲರ್ ಕೂರಿಸಲು ಜಾಗವೂ ಇಲ್ಲ. ಫೋಕ್ಸ್‌ವ್ಯಾಗನ್‌ನ ಏಳು ಗೇರಿನ ಒಣ ಕ್ಲಚ್ಚಿನ ಡಿ.ಎಸ್.ಜಿ.ಯ ಕ್ಲಚ್ಚಿಗೂ ಇದೇ ಮಾತು. ಸಿ.ವಿ.ಟಿ.ಗೆ ಎಣ್ಣೆ ಬೇರೆ, ಒತ್ತಡದ ಲೆಕ್ಕವೂ ಬೇರೆ; ಕಂಪನಿಯ ಒಪ್ಪಿಗೆಯಿಲ್ಲದೆ ಅದರ ಪೈಪಿಗೆ ಕತ್ತರಿ ಹಾಕಬಾರದು. ಹೊರಗಿನ ಕೂಲರ್ ನಿಜವಾಗಿ ಒಪ್ಪುವುದು ಇಂಜಿನ್ನಿನ ಬಲವನ್ನು ಎಣ್ಣೆಯ ಮೂಲಕ ದಾಟಿಸುವ ಟಾರ್ಕ್ ಕನ್ವರ್ಟರ್ ಇರುವ ಭಾರದ ಗಾಡಿಗಳಿಗೆ: 2016ರ ಇನೋವಾ ಕ್ರಿಸ್ಟಾದ ಆರು ಗೇರಿನ ಆಟೋಮ್ಯಾಟಿಕ್, ಅದಕ್ಕೂ ಹಿಂದಿನ ವರ್ಷ ಆಟೋಮ್ಯಾಟಿಕ್ ಆದ ಮಹೀಂದ್ರಾ ಎಕ್ಸ್‌ಯುವಿ500, ಫಾರ್ಚ್ಯೂನರ್‌ನಂಥವು.

ಇವುಗಳಲ್ಲಿ ಬಿಸಿ ಹುಟ್ಟುವ ಬಗೆಯನ್ನು ಸಣ್ಣ ಲೆಕ್ಕದಿಂದ ಹಿಡಿಯಬಹುದು. ಜನರೂ ಸಾಮಾನೂ ಸೇರಿ 2400 ಕಿಲೋ ಆದ ಗಾಡಿ ಕಡಿದಾದ ಏರನ್ನು 40 ಕಿ.ಮೀ. ವೇಗದಲ್ಲಿ ಹತ್ತಲು ಇಂಜಿನ್ ಸುಮಾರು 30 ಕಿಲೋವಾಟ್ ಕೊಡಬೇಕು ಎನ್ನೋಣ. ತಿರುವಿನಿಂದ ತಿರುವಿಗೆ ಗೇರ್ ಬದಲಾಗುತ್ತ, ಕನ್ವರ್ಟರ್ ಲಾಕ್ ಆಗದೆ ಎಣ್ಣೆ ಕಡೆಯುತ್ತಲೇ ಇದ್ದು, ಅದರಲ್ಲಿ ನೂರಕ್ಕೆ 80 ಪಾಲು ಮಾತ್ರ ಚಕ್ರದ ಕಡೆ ಹೋದರೆ ಉಳಿದ 6 ಕಿಲೋವಾಟ್ ಎಣ್ಣೆಗೇ ಬಿತ್ತು. ಸಾವಿರ ವಾಟಿನ ಆರು ಇಸ್ತ್ರಿ ಪೆಟ್ಟಿಗೆಗಳನ್ನು ಒಂದು ಬಕೆಟ್ ಎಣ್ಣೆಗೆ ಇಳಿಬಿಟ್ಟ ಹಾಗೆ. ಎಣ್ಣೆ 80ರಿಂದ 95 ಡಿಗ್ರಿ ಸೆಲ್ಸಿಯಸ್ ನಡುವೆ ಇದ್ದರೆ ನೆಮ್ಮದಿ. ಅದರಿಂದಾಚೆ ಪ್ರತಿ ಹತ್ತು ಹನ್ನೊಂದು ಡಿಗ್ರಿಗೆ ಎಣ್ಣೆಯ ಆಯಸ್ಸು ಅರ್ಧವಾಗುತ್ತದೆ ಎಂಬುದು ಈ ಕಸುಬಿನವರು ಹಿಂದಿನಿಂದ ನೆಚ್ಚಿಕೊಂಡ ಅಂದಾಜು.

ಹಾಗಿದ್ದರೆ ಎಲ್ಲ ಭಾರದ ಗಾಡಿಗೂ ಕೂಲರ್ ಬೇಕೇ? ಬೇಡ. ಮೊದಲು ಅಳೆಯಬೇಕು. ಸ್ಟಿಯರಿಂಗ್ ಕೆಳಗಿನ ಸಾಕೆಟ್ಟಿಗೆ ಸ್ಕ್ಯಾನರ್ ಚುಚ್ಚಿ, ಘಟ್ಟದ ಬುಡದಲ್ಲೊಮ್ಮೆ, ತುದಿಯಲ್ಲೊಮ್ಮೆ ಗೇರ್ ಬಾಕ್ಸ್ ಎಣ್ಣೆಯ ತಾಪ ನೋಡಿಕೊಂಡರೆ ಅರ್ಧ ತೀರ್ಮಾನ ಆದಂತೆ. 95ರ ಒಳಗೇ ನಿಂತರೆ ಆ ದುಡ್ಡಿನಲ್ಲಿ ಹಳೆ ಎಣ್ಣೆ ಬದಲಿಸುವುದೇ ಲೇಸು. 'ಇದು ಲೈಫ್‌ಟೈಮ್ ಆಯಿಲ್, ಬದಲಿಸುವ ಹಾಗೇ ಇಲ್ಲ' ಎಂಬ ಮಾತನ್ನು ವಾರಕ್ಕೆರಡು ಸಲ ಘಟ್ಟ ಹತ್ತುವವರು ನಂಬಬಾರದು. ತಿರುವುಗಳಲ್ಲಿ ಗೇರನ್ನು ಕೈಯಾರೆ ಎರಡಕ್ಕೋ ಮೂರಕ್ಕೋ ಕಟ್ಟಿಹಾಕಿ ಹತ್ತಿದರೂ ಕನ್ವರ್ಟರಿನ ಜಾರಾಟ ಕಡಿಮೆಯಾಗಿ ತಾಪ ಇಳಿಯುತ್ತದೆ. ಇದಕ್ಕೆ ಒಂದು ಪೈಸೆಯೂ ಖರ್ಚಿಲ್ಲ. ಇಷ್ಟರ ಮೇಲೂ ಅಂಕಿ 110ರತ್ತ ಏರಿದರೆ ಕೂಲರ್ ಹಾಕಿಸುವುದು ಸರಿ. ಗಾಡಿ ವಾರಂಟಿಯಲ್ಲಿದ್ದರೆ ಮಾತ್ರ ಮೊದಲು ಕಂಪನಿಯನ್ನು ಕೇಳಲೇಬೇಕು.

ಆರಿಸುವಾಗ ಕಣ್ಣಿಗೆ ಬೀಳುವವು ಎರಡು ಜಾತಿ. ಒಂದು, ಹಾವಿನಂತೆ ಸುತ್ತಿದ ಕೊಳವೆಗೆ ರೆಕ್ಕೆ ಜೋಡಿಸಿದ್ದು, ಅಗ್ಗ. ಇನ್ನೊಂದು, ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿದ್ದು. ಬೆಲೆ ಹೆಚ್ಚು, ಅಳತೆಗೆ ಸಣ್ಣದಾದರೂ ಕೆಲಸ ಜಾಸ್ತಿ. ಹೇಡನ್, ಡಿರೇಲ್, ಬಿ ಅಂಡ್ ಎಂ ಮೊದಲಾದ ಅಮೆರಿಕದ ತಯಾರಕರು ಗಾಡಿಯ ಒಟ್ಟು ತೂಕವನ್ನು ಪೌಂಡಿನಲ್ಲಿ ಬರೆದು ಅಳತೆ ಹೇಳುತ್ತಾರೆ; ನಮ್ಮ 2400 ಕಿಲೋ ಅಲ್ಲಿ ಸುಮಾರು 5300 ಪೌಂಡ್. ಆದರೆ ಆ ಲೆಕ್ಕದ ಹಿಂದಿರುವುದು ಅಗಲ ಹೆದ್ದಾರಿಯಲ್ಲಿ ಟ್ರೇಲರ್ ಎಳೆದುಕೊಂಡು ಗಾಳಿ ಸೀಳಿ ಓಡುವ ಗಾಡಿ. ದೇವಿಮನೆಯಲ್ಲಿ ಲಾರಿಯ ಬೆನ್ನಿಗೆ ಅಂಟಿ 15 ಕಿ.ಮೀ. ವೇಗದಲ್ಲಿ ತೆವಳುವಾಗ ಗಾಳಿ ಎಲ್ಲಿಂದ ಬರಬೇಕು? ಕರಾವಳಿಯ ಗಾಡಿಗೆ ದೊಡ್ಡ ಕೂಲರಿಗಿಂತ ಫ್ಯಾನಿನ ಎಳೆತಕ್ಕೆ ಸಿಗುವ ಕೂಲರ್ ಮುಖ್ಯ. ಎ.ಸಿ. ಕಂಡೆನ್ಸರ್ ಮುಂದೆ, ರೇಡಿಯೇಟರ್ ಫ್ಯಾನ್ ಗಾಳಿ ಎಳೆಯುವ ನೇರಕ್ಕೆ ಕೂರಿಸಬೇಕು. ಇಲ್ಲವೇ ತನ್ನದೇ ಫ್ಯಾನ್ ಇರುವುದನ್ನು ತರಬೇಕು. ಜಾಗ ಸಿಕ್ಕಿತೆಂದು ಬಂಪರಿನ ಮೂಲೆಗೆ ತುರುಕಿದ ಕೂಲರ್ ಹೆದ್ದಾರಿ 66ರ ಓಟದಲ್ಲಿ ಚೆನ್ನಾಗಿ ತಣಿಸುತ್ತದೆ, ಬೇಕಾದ ಘಟ್ಟದಲ್ಲಿ ಕೈಕೊಡುತ್ತದೆ.

ಕೂಲರಿಗೆ ತಾಪ ನೋಡಿ ತೆರೆದುಕೊಳ್ಳುವ ಥರ್ಮೋಸ್ಟ್ಯಾಟ್ ಇರುವುದೇ ಲೇಸು. ಇಲ್ಲಿ ಹಿಮಾಲಯದ ಚಳಿಯಿಲ್ಲ, ನಿಜ. ಆದರೆ ಜುಲೈ ಮಳೆಯಲ್ಲಿ ಮಾರುಕಟ್ಟೆಗೂ ಶಾಲೆಗೂ ಓಡಾಡುವ ಗಾಡಿಯ ಎಣ್ಣೆ ಸಾಕಷ್ಟು ಕಾಯದಿದ್ದರೆ ಅದರೊಳಗೆ ಸೇರಿದ ತೇವ ಆರುವುದೇ ಇಲ್ಲ.

ಜೋಡಣೆಯಲ್ಲಿ ಆಗುವ ಎಡವಟ್ಟುಗಳನ್ನು ಹತ್ತಿರದಿಂದ ನೋಡಬೇಕು. ಕಿಟ್ಟಿನ ಜೊತೆ ಬರುವ ಪ್ಲಾಸ್ಟಿಕ್ ಕಡ್ಡಿಗಳನ್ನು ಕಂಡೆನ್ಸರಿನ ರೆಕ್ಕೆಗಳ ನಡುವೆ ತೂರಿಸಿ ಬಿಗಿದರೆ ಹತ್ತು ನಿಮಿಷದ ಕೆಲಸ. ಅಗೆದು ಬಿಟ್ಟ ಹೆದ್ದಾರಿಯ ಕುಲುಕಾಟಕ್ಕೆ ಆ ಕಡ್ಡಿ ದಿನವೂ ತುಸುತುಸು ಉಜ್ಜುತ್ತದೆ. ಒಂದು ಬೇಸಿಗೆಯಲ್ಲಿ ಎ.ಸಿ. ಗ್ಯಾಸ್ ಖಾಲಿ. ಪಟ್ಟಿ ಹೊಡೆದು ಚಾಸಿಗೇ ಬೋಲ್ಟ್ ಮಾಡುವುದಕ್ಕೆ ಅರ್ಧ ದಿನ ಹಿಡಿದರೂ ಅದೇ ಸರಿಯಾದ ಕೆಲಸ. ಅಲ್ಯೂಮಿನಿಯಂ ಕೂಲರಿಗೂ ಕಬ್ಬಿಣದ ಪಟ್ಟಿಗೂ ನಡುವೆ ರಬ್ಬರ್ ಇಡಬೇಕು. ಕಡಲ ಗಾಳಿ ಒಂದು ಕಡೆ, ಮೀನಿನ ಲಾರಿಗಳಿಂದ ರಸ್ತೆಗೆ ಸುರಿಯುವ ಉಪ್ಪುನೀರು ಇನ್ನೊಂದು ಕಡೆ. ಎರಡು ಲೋಹ ತಾಗಿದ ಜಾಗದಲ್ಲಿ ಬಿಳಿ ಪುಡಿ ಕಟ್ಟಿ ತೂತು ಬೀಳಲು ಹೆಚ್ಚು ಕಾಲ ಬೇಡ.

ಪೈಪಿನದು ಇನ್ನೂ ಸೂಕ್ಷ್ಮ. ಕಂಪನಿಯ ಉಕ್ಕಿನ ಕೊಳವೆಯನ್ನು ಕತ್ತರಿಸಿದ ಮೇಲೆ ಅದರ ತುದಿ ನುಣುಪಾಗಿರುತ್ತದೆ. ಉಪಕರಣದಿಂದ ಅಲ್ಲೊಂದು ಉಬ್ಬು ಏಳಿಸದೆ ಹೋಸ್ ಪೈಪ್ ತೂರಿಸಿ ಕ್ಲಿಪ್ ಬಿಗಿದರೆ, ಎಣ್ಣೆ ಕಾದಾಗ ರಬ್ಬರ್ ಮೆತ್ತಗಾಗಿ ಮಿಲಿಮೀಟರ್ ಮಿಲಿಮೀಟರಾಗಿ ಜಾರುತ್ತದೆ. ಅದು ಕಳಚಿದ ಗಳಿಗೆಯಲ್ಲಿ ಪಂಪ್ ತನ್ನ ಎಣ್ಣೆಯನ್ನೆಲ್ಲ ತಾನೇ ರಸ್ತೆಗೆ ಚೆಲ್ಲುತ್ತದೆ. ಪೆಟ್ರೋಲ್ ಪೈಪನ್ನೇ ಹಾಕಿ ಸುಧಾರಿಸುವುದೂ ಉಂಟು. ಬಿಸಿ ಗೇರ್ ಎಣ್ಣೆ ತಾಳುವ ಪೈಪೇ ಬೇರೆ, ಅದನ್ನು ಮಂಗಳೂರಿನಿಂದಲಾದರೂ ತರಿಸಬೇಕು.

ಎಣ್ಣೆ ಮೊದಲು ರೇಡಿಯೇಟರಿನೊಳಗಿನ ಕಂಪನಿ ಕೂಲರಿಗೆ, ಆಮೇಲೆ ಹೊಸ ಕೂಲರಿಗೆ, ಅಲ್ಲಿಂದ ಗೇರ್ ಬಾಕ್ಸಿಗೆ ಹೋಗಬೇಕೆಂಬುದು ಎಲ್ಲೆಡೆಯ ಕ್ರಮ; ಒಳ್ಳೆಯ ಕ್ರಮವೇ. ಒಂದೇ ಒಂದು ಸಂದರ್ಭದಲ್ಲಿ ಅದನ್ನು ಮುರಿಯಬೇಕು. ಕೂಲೆಂಟ್ ಬದಲು ವರ್ಷಗಟ್ಟಲೆ ಬಾವಿನೀರು ಕುಡಿದ ಹಳೆಯ ರೇಡಿಯೇಟರುಗಳು ಇಲ್ಲಿ ಕಡಿಮೆಯೇನಿಲ್ಲ. ಅದರೊಳಗಿನ ಕೊಳವೆ ತುಕ್ಕು ಹಿಡಿದು ತೂತಾದರೆ ನೀರೂ ಎಣ್ಣೆಯೂ ಕಲೆತು, ಕೆಂಪು ಎಣ್ಣೆ ಹಾಲು ಹೆಚ್ಚಾದ ಚಹಾದ ಬಣ್ಣಕ್ಕೆ ತಿರುಗುತ್ತದೆ. ಗೇರ್ ಬಾಕ್ಸಿನ ಕ್ಲಚ್ ತಟ್ಟೆಗಳ ಅಂಟು ಬಿಡುತ್ತದೆ. ಅಂಥ ಗಾಡಿಯಲ್ಲಿ ಒಂದೋ ರೇಡಿಯೇಟರ್ ಬದಲಿಸಬೇಕು, ಇಲ್ಲವೇ ಅದನ್ನು ಪೂರ್ತಿ ಬಿಟ್ಟು ಥರ್ಮೋಸ್ಟ್ಯಾಟ್ ಇರುವ ಹೊರಗಿನ ಕೂಲರನ್ನೇ ನೆಚ್ಚಬೇಕು.

ಕೊನೆಗೆ ಎಣ್ಣೆಯ ಮಟ್ಟ. ಹೊಸ ಕೂಲರೂ ಪೈಪೂ ತಮ್ಮ ಪಾಲಿನ ಎಣ್ಣೆ ಕೇಳುತ್ತವೆ. ಈಗಿನ ಹೆಚ್ಚಿನ ಗೇರ್ ಬಾಕ್ಸುಗಳಿಗೆ ಅಳೆಯುವ ಕಡ್ಡಿಯಿಲ್ಲ. ಎಣ್ಣೆ 40 ಡಿಗ್ರಿ ಆಸುಪಾಸಿನಲ್ಲಿರುವಾಗ ಇಂಜಿನ್ ಓಡಿಸಿಟ್ಟು, ಅಡಿಯಲ್ಲಿ ಮಟ್ಟ ನೋಡಲೆಂದೇ ಇರುವ ಪ್ಲಗ್ ಬಿಚ್ಚಿ, ಸಣ್ಣ ಧಾರೆ ತೊಟ್ಟಿಕ್ಕುವಷ್ಟಕ್ಕೆ ಬಂದಾಗ ಮುಚ್ಚಬೇಕು. ಕರಾವಳಿಯ ಮಧ್ಯಾಹ್ನ, ಆಗಷ್ಟೇ ಓಡಿ ಬಂದ ಗಾಡಿಯಲ್ಲಿ ಈ ಲೆಕ್ಕ ತಪ್ಪುತ್ತದೆ: ಕಾದ ಎಣ್ಣೆ ಹಿಗ್ಗಿ ಮಟ್ಟ ಸರಿಯಿದ್ದಂತೆ ಕಾಣುತ್ತದೆ, ಒಳಗೆ ಮಾತ್ರ ಕೊರತೆ. ಗಾಡಿಯನ್ನು ರಾತ್ರಿ ಗ್ಯಾರೇಜಿನಲ್ಲೇ ಬಿಟ್ಟು ಬೆಳಿಗ್ಗೆ ಈ ಕೆಲಸ ಮಾಡಿಸಿಕೊಳ್ಳುವವರು ಜಾಣರು. ಅದೇ ಬೆಳಿಗ್ಗೆ ಮೆಕ್ಯಾನಿಕ್ಕನ್ನೂ ಕೂರಿಸಿಕೊಂಡು ಘಟ್ಟದ ತುದಿಯ ದೇವಿಮನೆ ದೇವಸ್ಥಾನದವರೆಗೆ ಹತ್ತಿ, ಸ್ಕ್ಯಾನರಿನ ಅಂಕಿಯನ್ನು ಹಳೆಯದರ ಪಕ್ಕ ಬರೆದುಕೊಂಡು, ಬಾನೆಟ್ ಎತ್ತಿ, ಟಾರ್ಚ್ ಹಿಡಿದು ಪ್ರತಿ ಕ್ಲಿಪ್ಪಿನ ಕೆಳಗೂ ಬಿಳಿ ಬಟ್ಟೆ ಒತ್ತಿ ನೋಡಬೇಕು. ಬಟ್ಟೆಗೆ ಎಲ್ಲಾದರೂ ಕೆಂಪು ಹತ್ತಿದರೆ ಅಲ್ಲೇ ಬಿಗಿಸಿಕೊಂಡು ಇಳಿಯುವುದು.