ಸಲಿಕೆಯ ಲೆಕ್ಕ, ಸ್ಮಿಟ್‌ನ ಲೆಕ್ಕ

ಫ್ರೆಡರಿಕ್ ಟೇಲರ್ 1911ರಲ್ಲಿ ಪ್ರಕಟಿಸಿದ ವೈಜ್ಞಾನಿಕ ನಿರ್ವಹಣೆಯ ಪುಸ್ತಕದಲ್ಲಿ ನನಗೆ ಅತ್ಯಂತ ಹಿಡಿಸುವ ಭಾಗ ಸಲಿಕೆಯದು. ಪೆನ್ಸಿಲ್ವೇನಿಯಾದ ಬೆತ್ಲೆಹೆಮ್ ಉಕ್ಕಿನ ಕಾರ್ಖಾನೆಯಲ್ಲಿ ಕೂಲಿಯಾಳುಗಳು ಎಲ್ಲ ಕೆಲಸಕ್ಕೂ ತಮ್ಮದೇ ಸಲಿಕೆ ತರುತ್ತಿದ್ದರು. ಪುಡಿ ಕಲ್ಲಿದ್ದಲು ತುಂಬಿದರೆ ಒಂದು ಸಲಕ್ಕೆ ಬರೀ ಮೂರೂವರೆ ಪೌಂಡು ಏಳುತ್ತಿತ್ತು, ಅದಿರಾದರೆ 38 ಪೌಂಡು. ಟೇಲರ್ ಅಳೆದು ನೋಡಿದ: ಸಲಕ್ಕೆ ಸುಮಾರು 21 ಪೌಂಡು ಎತ್ತಿದಾಗ ಒಬ್ಬ ಒಳ್ಳೆಯ ಆಳಿನಿಂದ ದಿನಕ್ಕೆ ಅತಿ ಹೆಚ್ಚು ಕೆಲಸ. ಹಾಗಾಗಿ ಅದಿರಿಗೆ ಚಿಕ್ಕ ಸಲಿಕೆ, ಬೂದಿಗೆ ದೊಡ್ಡದು, ಎಲ್ಲವೂ ಕಂಪನಿಯದೇ. ಇಲ್ಲಿ ಹತಾರು ಮನುಷ್ಯನ ಮೈಗೆ ಒಗ್ಗಿತು. ಇದನ್ನು ವಿಜ್ಞಾನ ಎನ್ನಲು ನನಗೆ ಯಾವ ಅಳುಕೂ ಇಲ್ಲ.

ಇಂಥ ಕಣ್ಣು ಅವನಿಗೆ ಬಂದದ್ದು ಕೈಕೆಲಸದಿಂದಲೇ. ಫಿಲಡೆಲ್ಫಿಯಾದ ಸ್ಥಿತಿವಂತ ಮನೆಯ ಹುಡುಗ, ಹಾರ್ವರ್ಡ್ ಪ್ರವೇಶ ಪರೀಕ್ಷೆ ಪಾಸಾಗಿಯೂ ಕಣ್ಣಿನ ತೊಂದರೆಯಿಂದ ಅತ್ತ ಹೋಗದೆ ವರ್ಕ್‌ಶಾಪಿನಲ್ಲಿ ಕೆಲಸ ಕಲಿಯಲು ಸೇರಿದ. 1878ರಲ್ಲಿ ಮಿಡ್‌ವೇಲ್ ಸ್ಟೀಲ್‌ಗೆ ಬಂದು, ಲೇತ್ ಓಡಿಸಿ, ಮೇಸ್ತ್ರಿಯಾದ. ಕೆಲಸಗಾರರು ಬೇಕೆಂದೇ ನಿಧಾನ ಮಾಡುತ್ತಾರೆಂಬುದು ಅವನಿಗೆ ಒಳಗಿನಿಂದ ಗೊತ್ತಿತ್ತು. ಕಾರಣವನ್ನೂ ಅವನು ಮುಚ್ಚಿಡಲಿಲ್ಲ: ಹೆಚ್ಚು ಮಾಲು ತೆಗೆದರೆ ಮಾಲೀಕ ಪೀಸ್ ರೇಟು ಇಳಿಸುತ್ತಿದ್ದ. ಹೊಟ್ಟೆಪಾಡಿನ ಜಾಣತನವದು. ಆದರೂ ಮೇಸ್ತ್ರಿಯಾದ ಮೇಲೆ ಅದೇ ಜೊತೆಗಾರರೊಡನೆ ಮೂರು ವರ್ಷ ಹಟಕ್ಕೆ ಬಿದ್ದ.

ಆ ಜಗಳದಿಂದ ಅವನು ಕಲಿತ ಪಾಠವೇ ಅವನ ತತ್ವಗಳ ತಿರುಳು. ಕೆಲಸಗಾರರ ತಲೆಯಲ್ಲಿರುವ ತಿಳಿವಳಿಕೆಯನ್ನೆಲ್ಲ ಆಡಳಿತ ಸಂಗ್ರಹಿಸಿ ನಿಯಮವಾಗಿಸಬೇಕು. ಕೆಲಸಕ್ಕೆ ತಕ್ಕ ಆಳನ್ನು ಆರಿಸಿ ತರಬೇತಿ ಕೊಡಬೇಕು. ನಿಯಮದಂತೆಯೇ ಕೆಲಸ ನಡೆಯುವಂತೆ ಸಹಕರಿಸಬೇಕು. ಹೊಣೆ ಇಬ್ಬರಿಗೂ ಹಂಚಬೇಕು. ಓದಲು ಚೆನ್ನಾಗಿದೆ. ಆದರೆ ಹಂಚಿಕೆಯಲ್ಲಿ ಯೋಚನೆಯೆಲ್ಲ ಆಫೀಸಿನ ಪಾಲಿಗೆ, ಬೆವರೆಲ್ಲ ಅಂಗಳದ ಪಾಲಿಗೆ. ಕೆಲಸಗಾರನಿಂದ ಪಡೆದ ತಿಳಿವಳಿಕೆಗೆ ಕೆಲಸಗಾರನೇ ವಾರಸುದಾರನಲ್ಲ.

ಈ ತಪ್ಪು ಎಲ್ಲಕ್ಕಿಂತ ಢಾಳಾಗಿ ಕಾಣುವುದು ಸ್ಮಿಟ್ ಎಂಬ ಹೆಸರಿನಲ್ಲಿ ಬರುವ ಆಳಿನ ಕಥೆಯಲ್ಲಿ. ಒಂದೊಂದೂ 92 ಪೌಂಡು ತೂಗುವ ಬೀಡುಕಬ್ಬಿಣದ ತುಂಡುಗಳನ್ನು ಹೊತ್ತು ರೈಲುಡಬ್ಬಿಗೆ ತುಂಬುವ ಕೆಲಸ ಅದು. ದಿನಕ್ಕೆ ಹನ್ನೆರಡೂವರೆ ಟನ್ ಸಾಗುತ್ತಿದ್ದದ್ದು ನಲವತ್ತೇಳೂವರೆಗೆ ಏರಿತು, ಕೂಲಿ 1.15 ಡಾಲರ್‌ನಿಂದ 1.85ಕ್ಕೆ. ಕೆಲಸ ಹೆಚ್ಚುಕಡಿಮೆ ನಾಲ್ಕು ಪಟ್ಟು, ಕೂಲಿ ಎರಡು ಪಟ್ಟೂ ಇಲ್ಲ. ಯಾವಾಗ ಹೊರಬೇಕು, ಯಾವಾಗ ಕೂರಬೇಕು ಎಂಬುದನ್ನೆಲ್ಲ ಗಡಿಯಾರ ಹಿಡಿದವನು ಹೇಳುತ್ತಿದ್ದ. ದಿನದ ಅರ್ಧಕ್ಕಿಂತ ಹೆಚ್ಚು ಹೊತ್ತು ಹೆಗಲ ಮೇಲೆ ಹೊರೆ ಇರಬಾರದೆಂಬ ಟೇಲರನ ಲೆಕ್ಕ ನಿಜಕ್ಕೂ ಬೆಲೆಯುಳ್ಳದ್ದು. ಆದರೆ ಇಂಥ ಆಳು ಎತ್ತಿನಂತೆ ಮಂದಬುದ್ಧಿಯವನಾಗಿರಬೇಕು, ತನ್ನ ಕೆಲಸದ ವಿಜ್ಞಾನ ಅವನಿಗೆ ಎಂದೂ ಅರ್ಥವಾಗದು ಎಂದೂ ಬರೆದ. ಅದೇ ಪುಟಗಳಲ್ಲಿ, ಆ ಮನುಷ್ಯ 1.15 ಡಾಲರ್ ಕೂಲಿಯಲ್ಲೇ ತುಂಡು ಜಾಗ ಕೊಂಡು, ಕೆಲಸಕ್ಕೆ ಮುಂಚೆ ಮತ್ತು ಕೆಲಸ ಬಿಟ್ಟ ಮೇಲೆ ತನ್ನ ಮನೆಯ ಗೋಡೆ ತಾನೇ ಎಬ್ಬಿಸುತ್ತಿದ್ದ ಎಂದೂ ಇದೆ! ಹಣ ಕೂಡಿಡುವವನು, ಗೋಡೆ ಕಟ್ಟಬಲ್ಲವನು ಮಂದಬುದ್ಧಿ ಹೇಗಾದಾನು? ತಾನೇ ಬರೆದಿಟ್ಟ ಸಾಕ್ಷ್ಯವನ್ನು ಟೇಲರ್ ಓದಲಿಲ್ಲ. ಈ ಕಥೆಯ ಹಲವು ವಿವರಗಳು ಕಾರ್ಖಾನೆಯ ದಾಖಲೆಗಳಿಗೆ ತಾಳೆಯಾಗುವುದಿಲ್ಲವೆಂದು 1970ರ ದಶಕದಲ್ಲಿ ಸಂಶೋಧಕರು ತೋರಿಸಿದರು. ನನಗೆ ಅದಕ್ಕಿಂತ ದೊಡ್ಡ ದೋಷ ಈ ಕುರುಡು.

ಕೆಲಸಗಾರರಿಗೆ ಅದು ಬೇಗ ತಿಳಿಯಿತು. ಪುಸ್ತಕ ಬಂದ ವರ್ಷವೇ ವಾಟರ್‌ಟೌನ್ ಸರ್ಕಾರಿ ಶಸ್ತ್ರಾಸ್ತ್ರ ಕಾರ್ಖಾನೆಯ ಅಚ್ಚು ಕೆಲಸಗಾರರು ಸ್ಟಾಪ್‌ವಾಚ್ ವಿರೋಧಿಸಿ ಹೊರನಡೆದರು. 1915ರಲ್ಲಿ ಅಮೆರಿಕದ ಸಂಸತ್ತು ಸೇನೆಯ ಹಣದಲ್ಲಿ ಇಂಥ ಅಳತೆ ನಡೆಸಕೂಡದೆಂದು ಕಟ್ಟುಮಾಡಿತು. ಇತ್ತ ರಷ್ಯಾದಲ್ಲಿ ಲೆನಿನ್ 1918ರಲ್ಲಿ ಟೇಲರನ ಪದ್ಧತಿಯನ್ನು ಕಲಿತು ಬಳಸಬೇಕೆಂದ. ಬಂಡವಾಳಿಗನಿಗೂ ಕ್ರಾಂತಿಕಾರಿಗೂ ಇಷ್ಟವಾದ ಪದ್ಧತಿ ಸ್ಮಿಟ್‌ನಂಥವರ ಅಭಿಪ್ರಾಯ ಮಾತ್ರ ಕೇಳಲಿಲ್ಲ. ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿ ಗಂಟೆಗಿಷ್ಟು ಪೀಸ್ ಎಂದು ಟಾರ್ಗೆಟ್ ಬರೆಯುವವರು ಟೇಲರನಿಂದ ಗಡಿಯಾರವನ್ನು ಪಡೆದಿದ್ದಾರೆ. ಹೊಲಿಯುವ ಹೆಂಗಸಿನ ಕುರ್ಚಿಯ ಎತ್ತರಕ್ಕೂ ವಿರಾಮಕ್ಕೂ ಆ ಸಲಿಕೆಯ ಲೆಕ್ಕವನ್ನು ಅಷ್ಟೇ ಶ್ರದ್ಧೆಯಿಂದ ಅನ್ವಯಿಸಲಿ, ಲೆಕ್ಕ ಹಾಕುವಾಗ ಅವಳನ್ನೂ ಕೂರಿಸಿಕೊಳ್ಳಲಿ.