ಕಾಗದದ ಪೂರ್ವಾಶ್ರಮ

ಚಿತ್ರಶಾಲೆಯಲ್ಲಿ ಮೊದಲ ಬಾರಿಗೆ ಕೊಲಾಜ್ ಕೃತಿಯೊಂದರ ಮುಂದೆ ನಿಂತ ರಸಿಕನಿಗೆ, ಹಳೆಯ ಕಾಗದವನ್ನು ಹರಿದು ಅಂಟಿಸಿದ ಮಾತ್ರಕ್ಕೆ ಇದು ಕಲೆಯಾದೀತೆ ಎಂಬ ಸಂದೇಹ ಹುಟ್ಟುವುದು ಸಹಜ. ಅಂಟಿಸುವುದು ಎಂಬರ್ಥದ ಫ್ರೆಂಚ್ ಧಾತುವಿನಿಂದ ಬಂದ ಈ ಹೆಸರು ಆ ಕಲೆಯ ಕ್ರಿಯೆಯನ್ನಷ್ಟೇ ಹೇಳುತ್ತದೆ, ಮರ್ಮವನ್ನು ಹೇಳುವುದಿಲ್ಲ. ಬಟ್ಟಲಿನಲ್ಲಿ ಕಲಸಿಟ್ಟ ಬಣ್ಣಕ್ಕೆ ಹಿಂದಿನ ಕಥೆಯೆಂಬುದಿಲ್ಲ. ಆದರೆ ಕೊಲಾಜಿಗೆ ಬಂದು ಸೇರುವ ಪ್ರತಿಯೊಂದು ಚೂರಿಗೂ, ಸಂನ್ಯಾಸಿಗಿರುವಂತೆ, ಒಂದು ಪೂರ್ವಾಶ್ರಮವಿದೆ. ಅದು ಯಾರದೋ ಮದುವೆಯ ಕರೆಯೋಲೆಯಾಗಿತ್ತು, ಪಂಚಾಂಗದ ಹಾಳೆಯಾಗಿತ್ತು, ಬೆಂಕಿಪೆಟ್ಟಿಗೆಯ ಮೇಲಣ ಚಿತ್ರವಾಗಿತ್ತು. ಹೊಸ ಕೃತಿಯಲ್ಲಿ ಹೊಸ ಹೆಸರನ್ನು ಪಡೆದ ಮೇಲೂ ಹಳೆಯ ಊರುಕೇರಿಗಳ ಗುರುತು ಅದರ ಮುಖದಿಂದ ಸಂಪೂರ್ಣವಾಗಿ ಅಳಿಯುವುದಿಲ್ಲ. ಆ ಎರಡು ಬಾಳುಗಳನ್ನೂ ಏಕಕಾಲದಲ್ಲಿ ಕಾಣಬಲ್ಲ ಕಣ್ಣಿಗೆ ಈ ಕಲೆಯ ರಸ ದಕ್ಕುತ್ತದೆ. ಕೃತಿಯನ್ನು ರಚಿಸುವವನಿಗೆ ಸ್ಫೂರ್ತಿ ಒದಗುವುದೂ ಅದೇ ಕಣ್ಣಿನಿಂದ.

ಜಾರ್ಜ್ ಬ್ರಾಕ್ ೧೯೧೨ರಲ್ಲಿ ರಚಿಸಿದ, ಹಣ್ಣಿನ ತಟ್ಟೆ ಮತ್ತು ಗಾಜಿನ ಲೋಟಗಳ ಕೃತಿಯನ್ನು ನೋಡಿರಿ. ಬ್ರಾಕನು ಗೋಡೆಗಳಿಗೆ ಬಣ್ಣ ಬಳಿಯುವ ಕಸುಬಿನ ಮನೆತನದವನು; ಹಸಿಬಣ್ಣದ ಮೇಲೆ ಬಾಚಣಿಗೆಯನ್ನೆಳೆದು ಮರದ ಗೆರೆಗಳನ್ನು ಮೂಡಿಸುವ ವಿದ್ಯೆ ಅವನಿಗೆ ಕರತಲಾಮಲಕವಾಗಿತ್ತು. ಹಾಗಿದ್ದರೂ, ದಕ್ಷಿಣ ಫ್ರಾನ್ಸಿನ ಆವಿನ್ಯೋಂ ಪಟ್ಟಣದ ಅಂಗಡಿಯೊಂದರಲ್ಲಿ, ಮರದ ಗೆರೆಗಳನ್ನು ಯಂತ್ರದಿಂದಲೇ ಅಚ್ಚೊತ್ತಿದ್ದ ಗೋಡೆಕಾಗದವನ್ನು ಕಂಡಾಗ ಅವನು ಅದನ್ನು ಕೊಂಡುತಂದು, ಮೂರು ಪಟ್ಟಿಗಳಾಗಿ ಕತ್ತರಿಸಿ, ಇದ್ದಿಲಿನ ರೇಖಾಚಿತ್ರದೊಡನೆ ಬೆಸೆದನು. ಮೇಲಿನ ಎರಡು ಪಟ್ಟಿಗಳು ಗೋಡೆಯ ಹಲಗೆಗಳಾದವು; ಕೆಳಗಿನದರ ಮೇಲೆ ಗುಂಡನೆಯ ಹಿಡಿಯೊಂದನ್ನು ಬರೆದೊಡನೆ ಅದು ಮೇಜಿನ ಸೆಳೆಖಾನೆಯಾಯಿತು. ಒಂದೇ ಕಾಗದ, ಒಂದೇ ಗೆರೆ. ನಿಂತ ಸ್ಥಾನ ಬೇರೆಯಾದುದರಿಂದ ಅರ್ಥವೂ ಬೇರೆಯಾಯಿತು. ಅದೇ ವರ್ಷ ಪಿಕಾಸೊ, ಬೆತ್ತದ ಹೆಣಿಗೆಯನ್ನು ಅಚ್ಚೊತ್ತಿದ್ದ ಮೇಣಬಟ್ಟೆಯ ತುಂಡನ್ನು ತನ್ನ ಅಂಡಾಕಾರದ ಚಿತ್ರದೊಳಗೆ ಅಂಟಿಸಿ, ಸುತ್ತಲೂ ಹಗ್ಗವನ್ನೇ ಚೌಕಟ್ಟಾಗಿ ಬಿಗಿದಿದ್ದನು.

ಇವರಿಬ್ಬರಿಗಿಂತ ನೂರನಾಲ್ವತ್ತು ವರ್ಷ ಹಿಂದೆ ಇಂಗ್ಲೆಂಡಿನಲ್ಲಿದ್ದ ಮೇರಿ ಡೆಲನಿ ಎಂಬ ವೃದ್ಧೆಯನ್ನು ನೆನೆಯದೆ ಈ ಮಾತು ಮುಂದುವರಿಯಲಾರದು. ನನ್ನ ಮಟ್ಟಿಗಂತೂ ಸ್ಫೂರ್ತಿಯೆಂಬ ಶಬ್ದಕ್ಕೆ ಆಕೆಯ ಬಾಳಿಗಿಂತ ಉತ್ತಮವಾದ ವ್ಯಾಖ್ಯಾನ ದೊರೆತಿಲ್ಲ. ಗಂಡನನ್ನು ಕಳೆದುಕೊಂಡು ನಾಲ್ಕು ವರ್ಷಗಳಾಗಿ, ತನಗೆ ಎಪ್ಪತ್ತೆರಡು ತುಂಬಿದ್ದ ೧೭೭೨ರಲ್ಲಿ, ಮೇಜಿನ ಮೇಲಿದ್ದ ಕೆಂಪು ಕಾಗದದ ಚೂರೊಂದರ ವರ್ಣವೂ ಪಕ್ಕದಲ್ಲಿದ್ದ ಜೆರೇನಿಯಂ ಹೂವಿನ ಎಸಳಿನ ವರ್ಣವೂ ಒಂದೇ ಆಗಿರುವುದನ್ನು ಆಕೆ ಕಂಡಳು. ಕತ್ತರಿಯನ್ನೆತ್ತಿಕೊಂಡು ಎಸಳಿನ ಆಕಾರವನ್ನು ಕಾಗದದಲ್ಲಿ ಕತ್ತರಿಸಿದಳು. ಒಳಗೆ ಬಂದ ಗೆಳತಿ ಅದನ್ನು ನಿಜವಾದ ಹೂವೆಂದೇ ಭ್ರಮಿಸಿದಳೆಂದು ಪ್ರತೀತಿ. ಅಲ್ಲಿಂದ ಮುಂದಿನ ಹತ್ತು ವರ್ಷಗಳಲ್ಲಿ, ಕಣ್ಣು ಮಂಜಾಗುವವರೆಗೂ, ಕಡುಗಪ್ಪು ಹಿನ್ನೆಲೆಯ ಮೇಲೆ ಆಕೆ ಕಾಗದದಿಂದ ಅರಳಿಸಿದ ಸಸ್ಯಗಳು ೯೮೫. ಅವು ಇಂದು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ಒಂದು ಪ್ಯಾಶನ್ ಹೂವಿನಲ್ಲಿ ಇನ್ನೂರಕ್ಕೂ ಹೆಚ್ಚು ಎಸಳುಗಳನ್ನು ಒಂದೊಂದಾಗಿ ಕತ್ತರಿಸಿಟ್ಟಿದ್ದಾಳೆ. ಕಲ್ಪನೆ ಮೊದಲು ಬಂದು ಕಾಗದವನ್ನು ಹುಡುಕಿದುದಲ್ಲ. ಕಾಗದವೇ ಮೊದಲು ಕಣ್ಣಿಗೆ ಬಿದ್ದು ಕಲ್ಪನೆಯನ್ನು ಕರೆಯಿತು. ‘ಏನನ್ನು ಮಾಡಲಿ’ ಎಂದು ಬರಿಯ ಹಾಳೆಯ ಮುಂದೆ ಕುಳಿತು ಬಳಲುವ ಹೊಸಬರು ಈ ಕ್ರಮವನ್ನು ಗಮನಿಸಬೇಕು.

ಆದಕಾರಣ ಕೊಲಾಜ್ ಕಲಾವಿದರ ಬಳಿಯಲ್ಲೆಲ್ಲ ಸಂಗ್ರಹವೊಂದು ಇದ್ದೇ ಇರುತ್ತದೆ. ಜರ್ಮನಿಯ ಕುರ್ಟ್ ಶ್ವಿಟರ್ಸ್ ಟ್ರಾಮಿನ ಟಿಕೆಟ್ಟು, ಮಿಠಾಯಿಯ ಹೊದಿಕೆ, ಹರಿದ ಲಕೋಟೆಗಳನ್ನು ಬೀದಿಯಿಂದ ಆಯ್ದು ತರುತ್ತಿದ್ದನು. ತನ್ನ ಕಲೆಗೆ ಅವನಿಟ್ಟ ‘ಮೆರ್ಟ್ಸ್’ ಎಂಬ ಹೆಸರು ಕೂಡ, ಜಾಹೀರಾತಿನಲ್ಲಿದ್ದ ‘ಕೊಮೆರ್ಟ್ಸ್’ ಎಂಬ ಪದ ಕತ್ತರಿಗೆ ಸಿಕ್ಕಿ ತುಂಡಾದಾಗ ಉಳಿದ ಭಾಗವೇ. ಬರ್ಲಿನ್ನಿನ ಪ್ರಕಾಶನ ಸಂಸ್ಥೆಯೊಂದರಲ್ಲಿ ಕಸೂತಿಯ ಮಾದರಿಗಳನ್ನು ರಚಿಸುತ್ತಿದ್ದ ಹಾನಾ ಹೋಖ್, ಸಚಿತ್ರ ಪತ್ರಿಕೆಗಳ ಮುಖ, ಯಂತ್ರ, ಅಕ್ಷರಗಳನ್ನು ಕತ್ತರಿಸಿ ತನ್ನ ಕಾಲದ ರಾಜಕಾರಣವನ್ನೇ ವಿಮರ್ಶಿಸಿದಳು.

ಇನ್ನು ನೋಡುವ ಬಗೆ. ಮೊದಲು ಹತ್ತಿರ ಹೋಗಿ ಅಂಚುಗಳನ್ನು ನೋಡಬೇಕು. ಕತ್ತರಿಯ ಅಂಚು ನಿರ್ಣಯವನ್ನು ಹೇಳುತ್ತದೆ. ಕೈಯಿಂದ ಹರಿದ ಅಂಚಿನಲ್ಲಿ ಬಣ್ಣದ ಕೆಳಗಿನ ಬಿಳಿಯ ನಾರು ತಲೆಯೆತ್ತಿ ಮೃದುವಾದ ಒಂದು ಗೆರೆಯನ್ನೆಳೆಯುತ್ತದೆ. ಕಾಗದಕ್ಕೆ ನಾರಿನ ದಿಕ್ಕೊಂದಿದ್ದು, ಆ ದಿಕ್ಕಿನಲ್ಲಿ ಹರಿದರೆ ನೇರವಾಗಿಯೂ ಅಡ್ಡಲಾಗಿ ಹರಿದರೆ ಸೊಟ್ಟಸೊಟ್ಟಾಗಿಯೂ ಬರುವುದು; ಕಲಾವಿದನು ಆ ಸೊಟ್ಟನ್ನು ಬೇಕೆಂದೇ ಕರೆದನೋ ಸಹಿಸಿಕೊಂಡನೋ ಎಂಬುದು ನಿಟ್ಟಿಸಿದರೆ ತಿಳಿಯುತ್ತದೆ. ಪಕ್ಕದಿಂದ ಬೆಳಕು ಬೀಳುವೆಡೆ ನಿಂತರೆ ಒಂದರ ಮೇಲೊಂದು ಕುಳಿತ ಪದರಗಳ ನವುರಾದ ನೆರಳು ಕಾಣುವುದು. ಪುಸ್ತಕದಲ್ಲಿ ಅಚ್ಚಾದ ಪ್ರತಿಯಲ್ಲಿ ಇದು ಬಹುಮಟ್ಟಿಗೆ ನಷ್ಟವಾಗುತ್ತದೆ. ಆಮೇಲೆ ಹಿಂದಕ್ಕೆ ಸರಿದು, ಚೂರುಗಳನ್ನು ಮರೆತು, ಇಡೀ ಕೃತಿಯ ತೂಕವನ್ನು ನೋಡಬೇಕು. ಪತ್ರಿಕೆಯ ಕಾಗದ ಹಳದಿಗಟ್ಟಿದ್ದರೆ ಅದು ಕಲಾವಿದನು ಹಚ್ಚಿದ ಬಣ್ಣವಲ್ಲ, ಮರದ ತಿರುಳಿನಲ್ಲಿ ಉಳಿದ ಲಿಗ್ನಿನ್ ಬೆಳಕಿಗೂ ಗಾಳಿಗೂ ಮಾಗಿದ ಪರಿಣಾಮ.

ಈ ಕಣ್ಣು ನಮಗೆ ಹೊಸತೇನೂ ಅಲ್ಲ. ಉತ್ತರ ಕರ್ನಾಟಕದ ಮನೆಯ ಕೌದಿಯನ್ನು ಹೊದ್ದು ಮಲಗಿದವರು, ಇದು ಅಜ್ಜಿಯ ಇಳಕಲ್ ಸೀರೆಯ ಕೆಂಪು ಸೆರಗು, ಇದು ಅಣ್ಣನ ಶಾಲೆಯ ಅಂಗಿ ಎಂದು ಬೆರಳಿಟ್ಟು ಗುರುತಿಸುವಾಗ ಮಾಡುವುದು ಇದನ್ನೇ. ಉತ್ತರ ಕನ್ನಡ ಜಿಲ್ಲೆಯ ಸಿದ್ದಿ ಹೆಣ್ಣುಮಕ್ಕಳು ಕೌದಿ ಹೊಲಿಯುವಾಗ ಮೊದಲೇ ಚಿತ್ರ ಬರೆದುಕೊಳ್ಳುವುದಿಲ್ಲ. ಒಂದು ಮೂಲೆಯಿಂದ ಹೊರಟು, ಅಂಚನ್ನೇ ಹಿಡಿದು ಸುತ್ತುತ್ತ, ಕೈಗೆ ಬಂದ ತುಂಡಿಗೆ ಮುಂದಿನ ತುಂಡನ್ನು ಹೊಂದಿಸುತ್ತ ನಡುವಿಗೆ ಬಂದು ಸೇರುತ್ತಾರೆ. ಮೂಲೆಗಳಲ್ಲಿ ‘ಫೂಲ್’ ಎಂಬ ಮುಕ್ಕೋನದ ಮಡಿಕೆಗಳನ್ನಿಡದೆ ಅವರಿಗೆ ಕೌದಿ ಪೂರ್ಣವೆನಿಸದು.

ತಾನೇ ಮಾಡಿ ನೋಡಬೇಕೆಂಬ ಆಸೆಯುಳ್ಳವರು ಹಳೆಯ ಟ್ರಂಕೊಂದನ್ನು ತೆರವು ಮಾಡಿಕೊಂಡು, ಕೈಗೆ ಸಿಕ್ಕ ಕಾಗದವನ್ನೆಲ್ಲ ಹೆಸರು ಹಚ್ಚದೆ ಅದರಲ್ಲಿ ತುಂಬುತ್ತ ಬರಲಿ. ಅರಿಸಿನ ಹಚ್ಚಿದ ಕರೆಯೋಲೆಯ ಮೂಲೆಯನ್ನಂತೂ ಎಸೆಯಬಾರದು. ವಿರಾಮದ ಸಂಜೆ ಎಲ್ಲವನ್ನೂ ಚಾಪೆಯ ಮೇಲೆ ಹರಡಿದರೆ, ಒಂದರ ಪಕ್ಕಕ್ಕೆ ಇನ್ನೊಂದು ಅಕಸ್ಮಾತ್ತಾಗಿ ಬಿದ್ದು, ಡೆಲನಿಯ ಕೆಂಪು ಚೂರಿನಂತೆ, ಯಾವುದೋ ಎರಡು ಒಂದನ್ನೊಂದು ಗುರುತಿಸಿಕೊಳ್ಳುವುವು. ಅವನ್ನು ಕೂಡಲೆ ಅಂಟಿಸಬೇಡಿ. ಹಾಳೆಯ ಮೇಲೆ ಹಾಗೆಯೇ ಇಟ್ಟು, ಹಾರದಂತೆ ನಾಲ್ಕು ಹುಣಿಸೆಬೀಜಗಳ ಭಾರವನ್ನಿರಿಸಿ, ರಾತ್ರಿ ಕಳೆಯಲು ಬಿಡಿರಿ. ಬೆಳಗಿನ ಬೆಳಕಿನಲ್ಲಿಯೂ ಆ ಜೊತೆ ಹೊಂದುವಂತೆ ಕಂಡರೆ ಮಾತ್ರ ಅಂಟಿನ ಬಟ್ಟಲನ್ನು ತನ್ನಿ; ತೇವಕ್ಕೆ ಕಾಗದ ಹಿಗ್ಗಿ ಸುರುಳಿಯಾಗುವುದರಿಂದ ತೆಳುವಾಗಿ ಹಚ್ಚಿ, ಮೇಲೆ ದಪ್ಪನೆಯ ನಿಘಂಟೊಂದನ್ನು ಹೇರಿ, ಮರುದಿನದವರೆಗೆ ತೆಗೆಯದಿರಿ.